ಅಂಕ ತಿದ್ದುಪಡಿ (ಫ್ಯಾಂಟಸಿ ಫುಟ್‌ಬಾಲ್)

ಅಮೆರಿಕನ್ ಫುಟ್‌ಬಾಲ್‌ನ ನಿಜ ಆಟಗಾರರನ್ನು ಆಯ್ದು ಕಾಲ್ಪನಿಕ ತಂಡ ಕಟ್ಟುವ ಆಟದಲ್ಲಿ, ಪಂದ್ಯ ಮುಗಿದ ಮೇಲೆ ಅಂಕಗಳನ್ನು ಬದಲಿಸುವ ಕ್ರಮ. 1960ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ವಿಲ್ಫ್ರೆಡ್ ವಿಂಕೆನ್‌ಬಾಕ್ ಮತ್ತು ಗೆಳೆಯರು ಈ ಆಟ ಶುರುಮಾಡಿದರು. ಆಟದ ಅಂಕಗಳಿಗೆ ಆಧಾರವಾದ, ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಅಧಿಕೃತ ಅಂಕಿಅಂಶಗಳನ್ನು ಪಂದ್ಯದ ನಂತರ ಎಲಿಯಾಸ್ ಸ್ಪೋರ್ಟ್ಸ್ ಬ್ಯೂರೋ ಮತ್ತೆ ಪರಿಶೀಲಿಸುತ್ತದೆ. ತಿದ್ದುಪಡಿ ಬರುವುದು ಸಾಮಾನ್ಯವಾಗಿ ವಾರದ ನಡುವೆ.

ಜಗಳ ಹುಟ್ಟುವುದು ಎಷ್ಟೋ ಸಲ ಗೇಣಿನ ಅಂತರದಲ್ಲಿ. ಕ್ವಾರ್ಟರ್‌ಬ್ಯಾಕ್ (ಚೆಂಡೆಸೆಯುವ ಮುಖ್ಯ ಆಟಗಾರ) ಪಕ್ಕದಲ್ಲಿ ಓಡುವ ಜೊತೆಗಾರನಿಗೆ ಚೆಂಡನ್ನು ಮೆಲ್ಲಗೆ ಎಸೆಯುತ್ತಾನೆ. ಅದು ಗೇಣುದ್ದ ಮುಂದಕ್ಕೆ ಹೋಗಿದ್ದರೆ ಪಾಸ್. ಅಡ್ಡಕ್ಕೋ ಹಿಂದಕ್ಕೋ ಹೋಗಿದ್ದರೆ ಓಟ. ಹಿಡಿದ ಪ್ರತಿ ಪಾಸ್‌ಗೆ 1 ಅಂಕ, 10 ಗಜಕ್ಕೆ 1 ಅಂಕ ಕೊಡುವ ಫ್ಯಾಂಟಸಿ ಲೀಗ್‌ನಲ್ಲಿ 20 ಗಜದ ಆ ನಡೆ ಪಾಸ್ ಆದರೆ ಹಿಡಿದವನಿಗೆ 3 ಅಂಕ, ಓಟವಾದರೆ 2. ಆಗ ಕ್ವಾರ್ಟರ್‌ಬ್ಯಾಕ್‌ನ ಎಸೆತದ ಗಜಗಳೂ ಅಳಿಸಿಹೋಗುತ್ತವೆ. ಸೋಮವಾರ ರಾತ್ರಿ ಅರ್ಧ ಅಂಕದಿಂದ ಗೆದ್ದು ಮಲಗಿದವರು ಗುರುವಾರ ಸೋತಿರಬಹುದು. ಹೊಟ್ಟೆ ಉರಿಯುವುದು ಸಹಜ. ಆದರೂ ಇದು ನ್ಯಾಯವೇ, ಮೈದಾನದಲ್ಲಿ ನಡೆದದ್ದೇ ಲೆಕ್ಕಕ್ಕೆ ಬರಬೇಕು. ಸಹಿಸಲಾಗದ್ದು ಬೇರೆ: ಲೀಗ್ ನಡೆಸುವ ಕಮಿಷನರ್ ಋತುವಿನ ನಡುವೆ ತನ್ನಿಷ್ಟದಂತೆ ನಿಯಮ ತಿರುಚುವುದು.

ಚೆಂಡು ಎಸೆಯುವ ಮುನ್ನವೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವ ‘ಸ್ಯಾಕ್’ನಲ್ಲೂ ಇದೇ ತಕರಾರು. ಕೆಡವಿಸಿಕೊಂಡ ಕ್ವಾರ್ಟರ್‌ಬ್ಯಾಕ್ ಓಡಲೆಂದೇ ಹೊರಟಿದ್ದನೆಂದು ತೀರ್ಮಾನವಾದರೆ ಎದುರಾಳಿ ರಕ್ಷಣಾ ಪಡೆಯ ಅಂಕ ಹೋಗುತ್ತದೆ.