ಇದ್ದಿಲ ಬಸ್ಸೂ ಕಾಣದ ಸಿಡಿಲೂ

ಆಕಾಶದಿಂದ ಎರಗತಕ್ಕ ಒಂದೇ ಆಪತ್ತಿಗೆ ನಮ್ಮ ಹಿರಿಯರು ಮೂರು ಹೆಸರುಗಳನ್ನಿಟ್ಟರು. ಕಣ್ಣಿಗೆ ಕಾಣುವುದು ಮಿಂಚು. ಕಿವಿಗೆ ಕೇಳುವುದು ಗುಡುಗು. ಮೈಮೇಲೆ ಬೀಳುವುದು ಸಿಡಿಲು. ಆದರೆ ಕಣ್ಣಿಗೆ ಕಾಣದೆ, ಕಿವಿಗೆ ಕೇಳದೆ, ಮನುಷ್ಯನ ಕೂದಲನ್ನೂ ಕೊಂಕಿಸದೆ, ಅವನ ತಂತಿಗಳನ್ನೂ ಯಂತ್ರಗಳನ್ನೂ ಮಾತ್ರ ಹುಡುಕಿ ಹೊಡೆಯತಕ್ಕ ಸಿಡಿಲೊಂದುಂಟೆಂದು ಅವರಿಗೆ ತಿಳಿದಿರಲಿಲ್ಲ. ತಿಳಿಯಬೇಕಾದ ಅಗತ್ಯವೂ ಇರಲಿಲ್ಲ; ಎತ್ತಿನ ಗಾಡಿಯಲ್ಲಿ ಅದು ಸುಡತಕ್ಕ ಪದಾರ್ಥವೇ ಇರಲಿಲ್ಲವಷ್ಟೆ! ವಿಜ್ಞಾನಿಗಳು ಇದನ್ನು ವಿದ್ಯುತ್ಕಾಂತೀಯ ಸ್ಪಂದವೆಂದು ಕರೆಯುತ್ತಾರೆ. ನಾವು ಸುಲಭವಾಗಿ ‘ಕಾಣದ ಸಿಡಿಲು’ ಎನ್ನೋಣ.

ಕನ್ನಡ ಪಂಡಿತನಿಗೆ ಈ ವಿಷಯದ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಅದಕ್ಕೆ ಕಾರಣ ನನ್ನ ಒಬ್ಬ ವಿದ್ಯಾರ್ಥಿ. ದೊಡ್ಡಬಳ್ಳಾಪುರವು ನೇಕಾರರ ಊರು. ಈ ಹುಡುಗನ ತಂದೆ ಮಗ್ಗದ ಮನೆಗಳಿಂದ ಸೀರೆಯ ಗಂಟುಗಳನ್ನು ತುಂಬಿಕೊಂಡು ಬೆಂಗಳೂರಿನ ಚಿಕ್ಕಪೇಟೆಗೆ ಟೆಂಪೋ ಓಡಿಸುವವರು. ಸಾಲ ಮಾಡಿ ಕೊಂಡ ಹೊಸ ಗಾಡಿ. ಯಾರೋ ಮೊಬೈಲಿನಲ್ಲಿ ತೋರಿಸಿದ ಚಿತ್ರವೊಂದನ್ನು ನೋಡಿ ಅವರ ನಿದ್ದೆ ಕೆಟ್ಟಿತ್ತು. “ಸಾರ್, ಆಕಾಶದಲ್ಲಿ ಬಾಂಬು ಸಿಡಿದರೆ ಕಂಪ್ಯೂಟರ್ ಇರೋ ಗಾಡಿಗಳೆಲ್ಲ ನಿಂತುಹೋಗುತ್ತವಂತೆ. ಇದನ್ನು ಮಾರಿ ಹಳೇ ಕಾಲದ್ದೊಂದು ತಗೊಳ್ಳೋಣ ಅಂತಾರೆ ನಮ್ಮಪ್ಪ. ಇಲ್ಲ, ಗಾಡಿಗೆಲ್ಲ ತಗಡು ಸುತ್ತಿದರೆ ಸಾಕಾ ಸಾರ್?” ಎಂದು ಹುಡುಗ ಕೇಳಿದ. ಒಂದು ಸಂಸಾರದ ಅನ್ನದ ಪ್ರಶ್ನೆ ಅದು. ನಕ್ಕು ಕಳುಹಿಸಿಬಿಡಲು ನನಗೆ ಮನಸ್ಸಾಗಲಿಲ್ಲ. ನಾಲ್ಕು ದಿನ ಓದಿದೆ. ನಮ್ಮ ವಿಜ್ಞಾನದ ಉಪಾಧ್ಯಾಯರನ್ನು ಕಾಡಿದೆ. ಕಡೆಗೆ ಉತ್ತರದ ಬಹುಭಾಗ ದೊರೆತದ್ದು ಚರಿತ್ರೆಯಲ್ಲಿ, ಅದೂ ನಮ್ಮ ಮನೆಯ ಜಗುಲಿಯ ಮೇಲಿನ ಚರಿತ್ರೆಯಲ್ಲಿ.

ಕಾಣದ ಸಿಡಿಲು ಕಟ್ಟುಕಥೆಯಲ್ಲ. 1962ನೆಯ ಇಸವಿ ಜುಲೈ 9ರಂದು ಅಮೆರಿಕದವರು ಪೆಸಿಫಿಕ್ ಸಾಗರದ ಜಾನ್‌ಸ್ಟನ್ ದ್ವೀಪದ ಮೇಲೆ, ನೆಲದಿಂದ ಸುಮಾರು 400 ಕಿಲೋಮೀಟರು ಎತ್ತರದಲ್ಲಿ, ಒಂದು ಪರಮಾಣು ಬಾಂಬನ್ನು ಸಿಡಿಸಿದರು. ಅಲ್ಲಿಂದ ಸುಮಾರು 1,400 ಕಿಲೋಮೀಟರು ದೂರದ ಹವಾಯಿ ದ್ವೀಪದ ಹೊನೊಲುಲು ನಗರದಲ್ಲಿ ಬೀದಿದೀಪಗಳ ಕೆಲವು ಸಾಲುಗಳು ಅದೇ ಕ್ಷಣದಲ್ಲಿ ಆರಿಹೋದವು. ಕಳ್ಳರ ಸುಳಿವು ಕೊಡುವ ಗಂಟೆಗಳು ತಾವಾಗಿಯೇ ಬಾರಿಸಿದವು. ಅದೇ ವರ್ಷ ಅಕ್ಟೋಬರ್ 22ರಂದು ರಷ್ಯದವರು ಕಜಾಕಸ್ತಾನದ ಮೇಲೆ ಇಂಥದೇ ಪ್ರಯೋಗ ಮಾಡಲು, 570 ಕಿಲೋಮೀಟರು ಉದ್ದದ ಟೆಲಿಫೋನು ತಂತಿಯ ಫ್ಯೂಸುಗಳು ಸುಟ್ಟುಹೋದವು. ಮರುವರ್ಷ, 1963ರ ಆಗಸ್ಟ್ ತಿಂಗಳಲ್ಲಿ, ಆಕಾಶದಲ್ಲಿಯೂ ನೀರಿನೊಳಗೂ ಅಂತರಿಕ್ಷದಲ್ಲಿಯೂ ಇಂಥ ಸ್ಫೋಟ ಕೂಡದೆಂಬ ಒಪ್ಪಂದ ಮಾಸ್ಕೋದಲ್ಲಿ ಆಯಿತು. ಭಾರತವು ಆಗಸ್ಟ್ 8ರಂದೇ ಅದಕ್ಕೆ ಸಹಿ ಹಾಕಿತು.

ಇದು ಆಗುವ ಬಗೆ ಹೀಗೆ. ಬಾಂಬಿನಿಂದ ಹೊರಟ ಗಾಮಾ ಕಿರಣಗಳು ವಾಯುಮಂಡಲದ ಮೇಲ್ಪದರವನ್ನು ತಾಕಿ, ಅಲ್ಲಿನ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತೆಸೆಯುತ್ತವೆ. ಭೂಮಿಯ ಕಾಂತಶಕ್ತಿಯು ಆ ಎಲೆಕ್ಟ್ರಾನುಗಳನ್ನು ಬಾಗಿಸಿ ತಿರುಗಿಸುತ್ತದೆ. ಹಾಗೆ ತಿರುಗಿದ ರಭಸದಿಂದ ರೇಡಿಯೋ ಅಲೆಯಂಥದೇ ಒಂದು ಮಹಾ ಅಲೆ ಹುಟ್ಟಿ, ಕಣ್ಣು ಮಿಟುಕಿಸುವುದಕ್ಕೆ ಎಷ್ಟೋ ಮೊದಲೇ ಕೆಳಗಿನ ನಾಡನ್ನೆಲ್ಲ ತೊಯ್ಯಿಸುತ್ತದೆ. ಮನೆಯ ಮೇಲೆ ಕಟ್ಟಿದ ಏರಿಯಲ್ ತಂತಿ ಬಾನುಲಿಯ ಅಲೆಯನ್ನು ಹಿಡಿಯುವಂತೆಯೇ ಊರಿನ ಪ್ರತಿಯೊಂದು ತಂತಿಯೂ ಇದನ್ನು ಹಿಡಿಯುತ್ತದೆ. ತಂತಿ ಉದ್ದವಾದಷ್ಟೂ ಸಾಮಾನ್ಯವಾಗಿ ಪೆಟ್ಟು ಹೆಚ್ಚು. ಈ ಒಂದು ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನದೆಲ್ಲ ಇದರಿಂದಲೇ ತಿಳಿಯಾಗುತ್ತದೆ.

ವಾಹನದೊಳಗಿನ ತಂತಿ ಎಷ್ಟು ಉದ್ದ? ಮಾರು, ಎರಡು ಮಾರು. ಅದರ ಸುತ್ತ ಉಕ್ಕಿನ ತಗಡಿನ ಮೈ ಬೇರೆ ಇದೆ. ಲೋಹದ ಗೂಡಿನೊಳಗೆ ವಿದ್ಯುತ್ತು ನುಗ್ಗಲಾರದೆಂಬುದನ್ನು 1836ರಲ್ಲಿಯೇ ಮೈಕೇಲ್ ಫ್ಯಾರಡೆ ತೋರಿಸಿಕೊಟ್ಟನು. ಗಾಜಿನ ಕಿಟಕಿಗಳಿರುವುದರಿಂದ ಕಾರು ಪೂರ್ತಿ ಗೂಡಲ್ಲ. ಆದರೂ ಅರೆಗೂಡು ಹೌದು. ಅಮೆರಿಕದ ಸರ್ಕಾರ ನೇಮಿಸಿದ್ದ ಒಂದು ಮಂಡಳಿ 37 ಕಾರುಗಳನ್ನೂ 18 ಲಾರಿಗಳನ್ನೂ ಕೃತಕವಾದ ಸ್ಪಂದಕ್ಕೆ ಒಡ್ಡಿ ನೋಡಿತು. ಫಲಿತಾಂಶವನ್ನು 2008ರಲ್ಲಿ ಪ್ರಕಟಿಸಿತು. ಎಂಜಿನು ನಿಲ್ಲಿಸಿದ್ದ ಕಾರುಗಳಿಗೆ ಗಂಭೀರವಾದ ಹಾನಿಯೇನೂ ಆಗಲಿಲ್ಲ. ಎಂಜಿನು ನಡೆಯುತ್ತಿದ್ದಾಗ ಮೂರು ಕಾರುಗಳು ನಿಂತವು; ಚಾಲಕರು ಮತ್ತೆ ಚಾಲೂ ಮಾಡಲು ನಡೆದವು. ಲಾರಿಗಳಲ್ಲಿಯೂ ಮೂರು ನಿಂತು, ಎರಡು ಕೂಡಲೇ ಚಾಲೂ ಆಗಿ, ಒಂದನ್ನು ಮಾತ್ರ ಎಳೆದುಕೊಂಡು ಹೋಗಬೇಕಾಯಿತು. ಇವು 2003ಕ್ಕಿಂತ ಈಚಿನ ಗಾಡಿಗಳಲ್ಲ ಎಂಬುದನ್ನೂ ಹೇಳಬೇಕು. ನಮ್ಮಲ್ಲಿ 2020ರ ಏಪ್ರಿಲಿನಿಂದ ಭಾರತ್ ಸ್ಟೇಜ್ 6 ನಿಯಮ ಬಂದ ಮೇಲೆ ಸ್ಕೂಟರಿನ ಕಾರ್ಬ್ಯುರೇಟರ್ ಕೂಡ ಹೋಗಿ ಅದರ ಜಾಗದಲ್ಲಿ ಎಲೆಕ್ಟ್ರಾನಿಕ್ ಮೆದುಳು ಕುಳಿತಿದೆ. ಆದ್ದರಿಂದ ಹೊಸ ಗಾಡಿಗೆ ಭಯವೇ ಇಲ್ಲವೆನ್ನುವುದು ಸಲ್ಲದು. ಎಲ್ಲವೂ ಒಮ್ಮೆಗೇ ಹೆಣವಾಗಿ ಬೀಳುತ್ತವೆ ಎನ್ನುವುದೂ ಸಲ್ಲದು.

ಹಾಗಾದರೆ ನಿಜವಾದ ಪೆಟ್ಟು ಯಾರಿಗೆ? ಉದ್ದನೆಯ ತಂತಿಗೆ. ಊರಿಂದೂರಿಗೆ ಹರಿದಿರುವ ವಿದ್ಯುತ್ ಮಾರ್ಗಗಳಿಗೆ, ಅವುಗಳ ಕೊನೆಯಲ್ಲಿರುವ ಯಂತ್ರಗಳಿಗೆ. ವಿದ್ಯುತ್ತು ಹೋದರೆ ಪೆಟ್ರೋಲ್ ಬಂಕಿನ ಪಂಪು ನಿಲ್ಲುತ್ತದೆ. ನೆಲದಡಿಯ ತೊಟ್ಟಿಯಲ್ಲಿ ಎಣ್ಣೆ ತುಂಬಿರುತ್ತದೆ; ಹೊರಗೆ ಗಾಡಿಗಳು ಸಾಲುಗಟ್ಟಿ ನಿಂತಿರುತ್ತವೆ; ನಡುವಿನ ಆಳ ದಾಟುವುದಕ್ಕೆ ದಾರಿ ಇರುವುದಿಲ್ಲ. ಎತ್ತು ಗಟ್ಟಿಯಾಗಿದೆ, ಬಣವೆಯೂ ತುಂಬಿದೆ, ಹುಲ್ಲು ಹಿರಿಯುವ ಕೈಯೇ ಇಲ್ಲವೆಂದಂತಾಯಿತು.

ಎತ್ತಿದ್ದು ಮೇವಿಲ್ಲದ ಕಾಲವನ್ನು ನಮ್ಮ ನಾಡು ಹಿಂದೆ ಒಮ್ಮೆ ಕಂಡಿದೆ. ಎರಡನೆಯ ಮಹಾಯುದ್ಧ ನಡೆಯುತ್ತಿರುವಾಗ, 1941ರಲ್ಲಿ, ಪೆಟ್ರೋಲಿಗೆ ಪಡಿತರ ಬಂದಿತು. 1942ರ ಮಾರ್ಚಿಯಲ್ಲಿ ಜಪಾನೀಯರು ರಂಗೂನನ್ನು ಹಿಡಿದರು. ಏಪ್ರಿಲಿನಲ್ಲಿ ಹಿಮ್ಮೆಟ್ಟುತ್ತಿದ್ದ ಬ್ರಿಟಿಷರು, ಶತ್ರುವಿನ ಕೈಸೇರಬಾರದೆಂದು, ಬರ್ಮಾದ ಯೆನಾಂಗ್ಯಾಂಗ್ ಎಣ್ಣೆಬಾವಿಗಳನ್ನು ತಾವೇ ಹಾಳುಗೆಡವಿದರು. ಆ ಎಣ್ಣೆಯನ್ನು ನೆಚ್ಚಿಕೊಂಡಿದ್ದ ಭಾರತದ ಮೋಟಾರುಗಳು ಕಂಗಾಲಾದವು. ಆಗ ರಸ್ತೆಗೆ ಬಂದದ್ದು ಇದ್ದಿಲ ಬಸ್ಸು.

ನಮ್ಮ ತಾತನವರು ಪ್ರಾಯದಲ್ಲಿ ದೊಡ್ಡಬಳ್ಳಾಪುರದಿಂದ ಯಲಹಂಕದ ಮೇಲೆ ಬೆಂಗಳೂರಿಗೆ ಹೋಗುತ್ತಿದ್ದ ಅಂಥದೊಂದು ಬಸ್ಸಿನಲ್ಲಿ ಕ್ಲೀನರಾಗಿದ್ದರು. ಸಂಜೆಯ ಹೊತ್ತು ಜಗುಲಿಯ ಮೇಲೆ ಕುಳಿತು ಅವರು ಹೇಳುತ್ತಿದ್ದುದನ್ನು ಕೇಳಿ ನಾವು ಬೆಳೆದೆವು. ಬಸ್ಸಿನ ಹಿಂಭಾಗಕ್ಕೆ ಆಳೆತ್ತರದ ಕಬ್ಬಿಣದ ಒಲೆಯನ್ನು ಬಿಗಿದಿರುತ್ತಿದ್ದರು. ಕೋಳಿ ಕೂಗುವ ಹೊತ್ತಿಗೆದ್ದು ಬೂದಿ ತೆಗೆದು, ಇದ್ದಿಲು ತುಂಬಿ, ಕೆಂಡ ಹಾಕಿ, ಗಾಳಿ ಊದುವ ಚಕ್ರವನ್ನು ಕೈಯಿಂದ ತಿರುಗಿಸುತ್ತಿರಬೇಕು. ಒಲೆ ಹದಕ್ಕೆ ಬಂದ ಮೇಲೆ ಮುಂದೆ ಹೋಗಿ ಹ್ಯಾಂಡಲು ಹಾಕಿ ಎಂಜಿನು ತಿರುಗಿಸಬೇಕು. ಏರು ಬಂದರೆ “ಸ್ವಾಮಿ, ಎಲ್ಲರೂ ಇಳಿಯಿರಿ” ಎಂದು ಕೂಗಬೇಕು. ಪ್ರಯಾಣಿಕರು ಇಳಿದು, ಬೇಕಾದರೆ ಒಂದು ಕೈ ತಳ್ಳಿ, ಏರು ಮುಗಿದ ಮೇಲೆ ಹತ್ತುತ್ತಿದ್ದರು. ಬೆಂಗಳೂರು ತಲಪುವ ಹೊತ್ತಿಗೆ ಹಿಂದಿನ ಸೀಟಿನವರ ಬಿಳಿಯ ಪಂಚೆ ಮಸಿಯ ಪಂಚೆಯಾಗಿರುತ್ತಿತ್ತಂತೆ! “ಗಾಡಿ ನಿಲ್ಲಲಿಲ್ಲ ಕಣಪ್ಪ, ನಿಧಾನ ಆಯ್ತು ಅಷ್ಟೆ” ಎಂದು ಅವರು ಮಾತು ಮುಗಿಸುತ್ತಿದ್ದರು.

ಇದರ ತತ್ತ್ವ ಸರಳವಾದುದು. ಇದ್ದಿಲನ್ನು ಸಾಕಷ್ಟು ಗಾಳಿ ಕೊಡದೆ ಉರಿಸಿದರೆ ಅದು ಪೂರ್ತಿ ಸುಡದೆ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವಾಗುತ್ತದೆ. ಒಲೆಯಲ್ಲಿ ತೇವವಿದ್ದರೆ ಸ್ವಲ್ಪ ಜಲಜನಕವೂ ಸೇರುತ್ತದೆ. ಇವೆರಡೂ ಉರಿಯುವ ಅನಿಲಗಳು. ತಣಿಸಿ, ಸೋಸಿ, ಗಾಳಿ ಬೆರೆಸಿ ಎಂಜಿನಿಗೆ ಬಿಟ್ಟರೆ ಪೆಟ್ರೋಲಿನ ಕೆಲಸವನ್ನು ಮಾಡುತ್ತವೆ. ಆದರೆ ಈ ಅನಿಲದಲ್ಲಿ ಅರ್ಧದಷ್ಟು ಉರಿಯದ ಸಾರಜನಕವೇ ಇರುವುದರಿಂದ ಎಂಜಿನಿನ ಬಲ ಬಹಳವಾಗಿ ತಗ್ಗುತ್ತದೆ. ಮೇಲಾಗಿ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣವನ್ನೇ ತೆಗೆಯುತ್ತದೆ. ಯೂರೋಪಿನಲ್ಲಿ 1920ರ ದಶಕದಲ್ಲಿ ಜಾರ್ಜ್ ಇಂಬೆರ್ ಎಂಬಾತನು ಸೌದೆಯಿಂದಲೇ ನಡೆಯುವ ಇಂಥ ಒಲೆಯನ್ನು ರೂಢಿಗೆ ತಂದಿದ್ದನು. ಯುದ್ಧಕಾಲದಲ್ಲಿ ಜರ್ಮನಿ, ಸ್ವೀಡನ್ ಮೊದಲಾದ ದೇಶಗಳಲ್ಲಿ ಲಕ್ಷಗಟ್ಟಲೆ ವಾಹನಗಳು ಹೀಗೆ ಓಡಿದವು.

ಯುದ್ಧ ಮುಗಿಯಿತು. ಪೆಟ್ರೋಲು ಮರಳಿ ಬಂದಿತು; ಒಲೆಗಳು ಗುಜರಿಗೆ ಹೋದವು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಡನೆ ಆರಂಭವಾದಾಗ ಇದ್ದಿಲ ಬಸ್ಸು ಹಳೆಯ ಕಥೆಯಾಗತೊಡಗಿತ್ತು. ಆದರೆ ಆ ವಿದ್ಯೆ ಸಾಯಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅದನ್ನು ಮತ್ತೆ ಕೈಗೆತ್ತಿಕೊಂಡು, 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿ ಎಂಬ ಚಿಕ್ಕ ಗ್ರಾಮದಲ್ಲಿ ಸೌದೆಯ ಅನಿಲದಿಂದ ಎಂಜಿನು ನಡೆಸಿ ಮನೆಮನೆಗೆ ದೀಪ ಕೊಟ್ಟರು. ತಾತನವರು ಮಸಿಗೈಯಲ್ಲಿ ತಿರುಗಿಸಿದ ಒಲೆಯೇ ವಿದ್ವಾಂಸರ ಕೈಯಲ್ಲಿ ಮರುಹುಟ್ಟು ಪಡೆಯಿತೆನ್ನಬಹುದು.

ಬಾಂಬು ಹಾಕುವವರು ಯಾರು, ಇದೆಲ್ಲ ದೂರದ ಮಾತಲ್ಲವೆ, ಎನ್ನುವವರುಂಟು. ದೂರದ್ದೇ ಆಗಿರಲಿ ಎಂದು ಎಲ್ಲರೂ ಹಾರೈಸೋಣ. ಆದರೆ ಉದ್ದನೆಯ ತಂತಿಗೆ ಇನ್ನೊಬ್ಬ ವೈರಿಯೂ ಇದ್ದಾನೆ. ಅವನು ದಿನವೂ ಮೂಡಿ ಮುಳುಗುವ ಸೂರ್ಯನೇ. ಅವನ ಮೈಯಿಂದ ಒಮ್ಮೊಮ್ಮೆ ಸಿಡಿದುಬರುವ ಕಣಗಳ ಮೋಡವು ಭೂಮಿಯ ಕಾಂತಶಕ್ತಿಯನ್ನು ಅಲುಗಿಸುತ್ತದೆ. 1859ರ ಸೆಪ್ಟೆಂಬರಿನಲ್ಲಿ ಹಾಗಾದಾಗ ಯೂರೋಪು ಅಮೆರಿಕಗಳ ತಂತಿ ಕಚೇರಿಗಳಲ್ಲಿ ಯಂತ್ರಗಳು ಕಿಡಿ ಕಾರಿದವು. ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿಯೂ ಆ ಭಾರಿ ಕ್ಷೋಭೆ ದಾಖಲಾಯಿತು. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಸುಮಾರು 60 ಲಕ್ಷ ಜನ ಒಂಬತ್ತು ಗಂಟೆಗಳ ಕಾಲ ಕತ್ತಲೆಯಲ್ಲಿ ಕುಳಿತರು. ಈ ಸೌರಕ್ಷೋಭೆ ಕಾರಿನ ಗಿಡ್ಡ ತಂತಿಯನ್ನು ಮುಟ್ಟುವುದಿಲ್ಲ. ವಿದ್ಯುತ್ ಮಾರ್ಗವನ್ನು ಬಿಡುವುದಿಲ್ಲ. ಸಂತೋಷದ ಮಾತೆಂದರೆ, ಈ ವೈರಿ ಸಾಮಾನ್ಯವಾಗಿ ಒಂದೆರಡು ದಿನ ಮುಂಚಿತವಾಗಿ ಸೂಚನೆ ಕೊಟ್ಟು ಬರುತ್ತಾನೆ. ಆ ಸೂಚನೆಯನ್ನು ಅರಿಯುವ ಕೆಲಸಕ್ಕೆ ನಮ್ಮ ಜಿಲ್ಲೆಯ ಕೈಯೂ ಸೇರಿದೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆಯಲ್ಲಿ ಸೂರ್ಯನ ಪ್ರಭಾವಲಯವನ್ನು ನೋಡತಕ್ಕ ಯಂತ್ರವನ್ನು ಜೋಡಿಸಿದ್ದು ಹೊಸಕೋಟೆಯ ಬಳಿ, ಭಾರತೀಯ ತಾರಾಭೌತ ಸಂಸ್ಥೆಯ ಆವರಣದಲ್ಲಿ.

ಇನ್ನು ಹುಡುಗನಿಗೆ ಕೊಟ್ಟ ಉತ್ತರ. ಹೊಸ ಗಾಡಿಯನ್ನು ಮಾರಬೇಡಿ. ತಗಡನ್ನೂ ಸುತ್ತಬೇಡಿ, ಸಂದಿಯಿಲ್ಲದೆ ಸುತ್ತಿದರೆ ಗಾಡಿ ಓಡದು, ಸಂದಿ ಬಿಟ್ಟರೆ ಸುತ್ತಿದ್ದು ವ್ಯರ್ಥ, ಬಾಂಬಿನ ಸ್ಪಂದವಂತೂ ಹೇಳಿಕೇಳಿ ಬರುವುದಿಲ್ಲ. ಟ್ಯಾಂಕು ಅರ್ಧಕ್ಕಿಳಿಯುವ ಮೊದಲೇ ತುಂಬಿಸುವ ಅಭ್ಯಾಸವಿರಲಿ. ಆದರೆ ಮನೆಯಲ್ಲಿ ಡಬ್ಬಗಳಲ್ಲಿ ಪೆಟ್ರೋಲು ಕೂಡಿಡಬೇಡಿ, ಅದು ನಾಳೆಯ ಸಿಡಿಲಿಗೆ ಹೆದರಿ ಇಂದೇ ಬೆಂಕಿಯನ್ನು ಮನೆಗೆ ಕರೆದಂತೆ. ಬಹಳ ದಿನ ನಿಲ್ಲಿಸುವ ಗಾಡಿಯ ಬ್ಯಾಟರಿಯ ತಂತಿ ಬಿಚ್ಚಿಡಿ. ವಿದ್ಯುತ್ತಿನ ಗಾಡಿಯಾದರೆ ಚಾರ್ಜು ಮುಗಿದ ಮೇಲೆ ಗೋಡೆಯ ತಂತಿಯಿಂದ ಬೇರ್ಪಡಿಸಿ. ಇಲ್ಲವಾದರೆ ಊರ ಉದ್ದನೆಯ ತಂತಿಯ ಪೆಟ್ಟೆಲ್ಲ ಆ ಗಿಡ್ಡ ತಂತಿಯ ದಾರಿ ಹಿಡಿದು ಬರುತ್ತದೆ. ಬ್ಯಾಟರಿಯ ಒಂದು ಚಿಕ್ಕ ರೇಡಿಯೋವನ್ನು ಬಟ್ಟೆಯಲ್ಲಿ ಸುತ್ತಿ, ಮುಚ್ಚಳ ಬಿಗಿಯಾಗಿ ಕೂರುವ ತಗಡಿನ ಡಬ್ಬದಲ್ಲಿಡಿ. ಫ್ಯಾರಡೆಯ ಗೂಡು ಅದಕ್ಕಿಂತ ಅಗ್ಗವಾಗಿ ಸಿಕ್ಕದು. ಒಂದು ಸೈಕಲ್ಲೂ ಗಾಳಿ ಹೊಡೆಯುವ ಪಂಪೂ ಮನೆಯಲ್ಲಿರಲಿ.

ಇಷ್ಟು ಮನೆಯವರು ಮಾಡತಕ್ಕದ್ದು. ಊರು ಮಾಡತಕ್ಕದ್ದು ಒಂದಿದೆ. ನಮ್ಮ ತಾತನವರ ಕಾಲದ ಬಂಕುಗಳಲ್ಲಿ ಕೈಯಿಂದ ತಿರುಗಿಸಿ ಎಣ್ಣೆ ಎತ್ತುವ ಪಂಪುಗಳಿದ್ದವು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದೊಂದು ಬಂಕಿನಲ್ಲಾದರೂ ಅಂಥದೊಂದು ಕೈಪಂಪೂ, ಅದನ್ನು ಅಪಾಯವಿಲ್ಲದೆ ನಡೆಸಬಲ್ಲ ಇಬ್ಬರು ಜನರೂ ಇದ್ದರೆ, ಕತ್ತಲೆಯ ದಿನ ಆಂಬುಲೆನ್ಸೂ ಅಗ್ನಿಶಾಮಕ ವಾಹನವೂ ನಿಲ್ಲುವುದಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂದು ಗಾದೆ ಹೇಳುತ್ತದೆ. ಇಲ್ಲಿ ಬಾವಿಯನ್ನು ಆಗಲೇ ತೋಡಿಯಾಗಿದೆ. ಬೇಕಾಗಿರುವುದು ಒಂದು ರಾಟೆ.

ಹುಡುಗನು ಇದನ್ನೆಲ್ಲ ಮನೆಯಲ್ಲಿ ಹೇಳಿದನು. ಟೆಂಪೋ ಮಾರಾಟದ ಮಾತು ಅಲ್ಲಿಗೆ ನಿಂತಿತು. ಮರುದಿನ ಅವನು ಬಂದು ಕೇಳಿದ್ದು ಬೇರೆಯೇ: “ಸಾರ್, ಆ ಇದ್ದಿಲ ಒಲೆ ಈಗ ಎಲ್ಲಾದರೂ ನೋಡಲಿಕ್ಕೆ ಸಿಗುತ್ತಾ?” ನಮ್ಮ ತಾತನವರು ಬದುಕಿದ್ದರೆ ಅವನನ್ನು ಜಗುಲಿಯ ಮೇಲೆ ಕೂರಿಸಿಕೊಂಡು, ಮೊದಲು ಬೂದಿ ತೆಗೆಯುವುದನ್ನು ಹೇಳಿಕೊಡುತ್ತಿದ್ದರು.