ಸರ್ವರ್ ಜಾಲದ ನಿಧಾನಗತಿ

ಮನೆ ಅಥವಾ ಕಚೇರಿಯ ಸರ್ವರ್‌ಗೂ ಅದನ್ನು ಬಳಸುವ ಕಂಪ್ಯೂಟರ್‌ಗಳಿಗೂ ನಡುವೆ ಮಾಹಿತಿ ಸಾಗುವ ವೇಗ, ಜಾಲದ ಸಲಕರಣೆಗಳ ಯೋಗ್ಯತೆಗಿಂತ ತೀರ ಕೆಳಗಿಳಿಯುವ ದೋಷ. ಉದಾಹರಣೆಗೆ ನಾಗಪುರದ ಗಾಂಧಿಬಾಗನ್ನು ನೋಡಬಹುದು; ಅದು ಸಗಟು ಬಟ್ಟೆ ವ್ಯಾಪಾರಕ್ಕೆ ಹೆಸರಾದ ಹಳೆಯ ಪೇಟೆ. ಇಂಥ ಪೇಟೆಯ ಅಂಗಡಿಗಳಲ್ಲಿ ಸರ್ವರ್ ಎಂದರೆ ಹೆಚ್ಚಾಗಿ ಮೂಲೆಯಲ್ಲಿಟ್ಟ ಒಂದು ಸಾಧಾರಣ ಕಂಪ್ಯೂಟರ್. ಬೆಂಗಳೂರಿನ ಟ್ಯಾಲಿಯಂಥ ತಂತ್ರಾಂಶದ ಲೆಕ್ಕದ ಕಡತ ಅದರಲ್ಲಿರುತ್ತದೆ. ಬಿಲ್ ಹಾಕುವ ಉಳಿದ ಯಂತ್ರಗಳು ಕೇಬಲ್ ಮೂಲಕ ಅದನ್ನು ತೆರೆಯುತ್ತವೆ. ಜಿಎಸ್‌ಟಿ ರಿಟರ್ನ್ ಸಲ್ಲಿಸುವ ದಿನ ಈ ಕಡತ ತೆರೆಯದಿದ್ದರೆ ವ್ಯಾಪಾರವೇ ನಿಂತಂತೆ.

ದೂರು ಮೊದಲು ಹೋಗುವುದು ಇಂಟರ್ನೆಟ್ ಕೊಟ್ಟವರ ಮೇಲೆ. ಅದು ಸರಿಯೋ ಎಂದು ತಿಳಿಯುವುದು ಸುಲಭ: ರೌಟರ್‌ಗೆ ಹೊರಗಿನಿಂದ ಬರುವ ತಂತಿಯನ್ನು ಬಿಚ್ಚಿದ ಮೇಲೂ ಸರ್ವರ್‌ನ ಕಡತ ತಡವಾಗಿಯೇ ತೆರೆದರೆ ದೋಷ ಅಂಗಡಿಯೊಳಗೇ ಇದೆ.

ಆಮೇಲೆ ಒಂದು ದೊಡ್ಡ ಕಡತವನ್ನು ನಕಲು ಮಾಡಿ ವೇಗ ನೋಡಬೇಕು. ಗಿಗಾಬಿಟ್ ಜಾಲದಲ್ಲಿ ಸೆಕೆಂಡಿಗೆ ಸುಮಾರು 110 ಮೆಗಾಬೈಟ್ ಸಿಗಬೇಕು. 11ರ ಆಸುಪಾಸಿನಲ್ಲೇ ನಿಂತಿತೆಂದರೆ ಸಂಪರ್ಕ 100 ಮೆಗಾಬಿಟ್‌ಗೆ ಇಳಿದಿದೆ ಎಂದು ಬಹುಮಟ್ಟಿಗೆ ಖಚಿತವಾಗಿ ಹೇಳಬಹುದು. ಕಾರಣ ಹೆಚ್ಚಾಗಿ ಕೇಬಲ್‌ನ ಒಳಗಿರುತ್ತದೆ. ಅದರಲ್ಲಿ ಎಂಟು ಎಳೆ, ನಾಲ್ಕು ಜೋಡಿ. 1999ರಲ್ಲಿ ರೂಪುಗೊಂಡ ತಾಮ್ರದ ಗಿಗಾಬಿಟ್ ಮಾನದಂಡಕ್ಕೆ ನಾಲ್ಕೂ ಜೋಡಿ ಬೇಕು. 100 ಮೆಗಾಬಿಟ್‌ಗೆ 1, 2, 3, 6ನೇ ಎಳೆಗಳು ಸಾಕು. ಬಟ್ಟೆಯ ಗಂಟಿನಡಿ ಸಿಕ್ಕಿ, ಇಲ್ಲವೇ ಇಲಿ ಕಡಿದು 4ನೇ ಎಳೆಯೊಂದು ತುಂಡಾದರೂ ಕೇಬಲ್‌ಗಳನ್ನು ಜೋಡಿಸುವ ಸ್ವಿಚ್‌ನ ದೀಪ ಸಾಮಾನ್ಯವಾಗಿ ಮಿನುಗುತ್ತಲೇ ಇರುತ್ತದೆ, ವೇಗ ಮಾತ್ರ ಹತ್ತನೇ ಒಂದು ಭಾಗಕ್ಕೆ ಬೀಳುತ್ತದೆ. ಎಷ್ಟೋ ಕಡೆ ಹೊಸ ಸರ್ವರ್ ಕೊಳ್ಳುವಂತೆ ಮಾಡುವುದು ಈ ಒಂದು ಎಳೆಯೇ. ಲಿನಕ್ಸ್‌ನಲ್ಲಿ ಈಥ್‌ಟೂಲ್ ಆದೇಶವೂ ವಿಂಡೋಸ್‌ನಲ್ಲಿ ಅಡಾಪ್ಟರ್‌ನ ಸ್ಥಿತಿ ತೋರುವ ಕಿಟಕಿಯೂ ಈಗಿನ ವೇಗವನ್ನು ನೇರವಾಗಿ ತೋರಿಸುತ್ತವೆ. ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್ ಬೇಗ ಮುರಿಯುವುದರಿಂದ ಅದನ್ನು ದೂರವಿಡುವುದು ಒಳ್ಳೆಯದು. ಒಳ್ಳೆಯ ಕೇಬಲ್‌ಗೂ 100 ಮೀಟರ್ ಮಿತಿ ಇದೆ.

ಕೇಬಲ್ ಸರಿಯಿದ್ದರೂ ಸೆಟ್ಟಿಂಗ್ ತಪ್ಪಿರಬಹುದು. ಒಂದು ತುದಿಯಲ್ಲಿ ಫುಲ್ ಡ್ಯೂಪ್ಲೆಕ್ಸ್ (ಏಕಕಾಲಕ್ಕೆ ಕಳಿಸುವ, ಪಡೆಯುವ ಕ್ರಮ) ಎಂದು ಕೈಯಾರೆ ನಿಗದಿಪಡಿಸಿ ಇನ್ನೊಂದನ್ನು ಆಟೋ ಸ್ಥಿತಿಯಲ್ಲಿ ಬಿಟ್ಟರೆ, 100 ಮೆಗಾಬಿಟ್ ಜಾಲದಲ್ಲಿ ಆ ಎರಡನೆಯದು ಒಮ್ಮೆಗೆ ಒಂದೇ ದಿಕ್ಕಿನ ಹಾಫ್ ಡ್ಯೂಪ್ಲೆಕ್ಸ್‌ಗೆ ಇಳಿಯುತ್ತದೆ. ಸಂಪರ್ಕ ಪರೀಕ್ಷಿಸುವ ಪಿಂಗ್ ಸರಿಯಾಗಿಯೇ ಬರುತ್ತದೆ, ದೊಡ್ಡ ಕಡತ ಮಾತ್ರ ತೆವಳುತ್ತದೆ. ಎರಡೂ ತುದಿಯನ್ನು ಆಟೋದಲ್ಲಿಡುವುದೇ ಪರಿಹಾರ.

ಡಿಸ್ಕ್ ಮುಟ್ಟದೆ ಜಾಲವನ್ನಷ್ಟೇ ಅಳೆಯುವ ಸಾಧನ ಐಪರ್ಫ್. ಅದು ಪೂರ್ತಿ ವೇಗ ತೋರಿಸಿಯೂ ಕಡತ ನಿಧಾನವಾದರೆ ಹಳೆಯ ಹಾರ್ಡ್ ಡಿಸ್ಕ್ ಅಥವಾ ಆ್ಯಂಟಿವೈರಸ್ ಕಡೆ ತಿರುಗಬೇಕು. ಕ್ಲೌಡ್‌ಗೆ ಬ್ಯಾಕಪ್ ಹೋಗುವಾಗ ಮಾತ್ರ ಇಂಟರ್ನೆಟ್ ತಡವರಿಸಿದರೆ ರೌಟರ್‌ನಲ್ಲಿ ಕಾಯುವ ಮಾಹಿತಿಯ ಸರದಿ ಉದ್ದವಾಗಿದೆ ಎಂದರ್ಥ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಪ್ರಕಟಿಸಿದ ಕೋಡೆಲ್ ವಿಧಾನ ಈ ಸರದಿಯನ್ನು ಹತೋಟಿಯಲ್ಲಿಡಲೆಂದೇ ಬಂದದ್ದು.

ಸೆಖೆಯೂ ಒಂದು ಕಾರಣವಾಗಬಹುದು. ನಾಗಪುರದ ಮೇ ತಿಂಗಳ ಬಿಸಿಲು 45 ಡಿಗ್ರಿ ದಾಟುವುದುಂಟು. ಸಣ್ಣ ಸ್ವಿಚ್‌ಗಳಿಗೆ ತಯಾರಕರು ಸಾಮಾನ್ಯವಾಗಿ ಹೇಳುವ ಮಿತಿ 40. ಮಧ್ಯಾಹ್ನ ಮಾತ್ರ ಜಾಲ ಕೈಕೊಟ್ಟು ಸಂಜೆಗೆ ತಾನೇ ಸರಿಹೋಗುತ್ತಿದ್ದರೆ, ತಗಡಿನ ಮಾಡಿನಡಿ ಅಟ್ಟದ ಮೇಲಿರುವ ಸ್ವಿಚ್ಚನ್ನು ಕೆಳಗಿಳಿಸಿ, ಗಾಳಿಯಾಡುವ ಕಡೆ ಇಟ್ಟು ನೋಡಬೇಕು.