ಜನರಲ್ ಮ್ಯಾಥ್ಯೂಸ್ ಹತ್ತಿದ ಘಾಟಿ

ನಮ್ಮ ಗ್ಯಾಂಗಿನಲ್ಲಿ ಇಬ್ಬರು ಆರು ತಿಂಗಳಿಂದ ಮಾತು ಬಿಟ್ಟಿದ್ದರು. ದುಡ್ಡಿನ ವಿಷಯಕ್ಕಲ್ಲ, ಹುಡುಗಿ ವಿಷಯಕ್ಕೂ ಅಲ್ಲ. ಟಿಪ್ಪು ಸುಲ್ತಾನನ ವಿಷಯಕ್ಕೆ. ಯಾರೋ ಫಾರ್ವರ್ಡ್ ಮಾಡಿದ ಒಂದು ಮೆಸೇಜು, ಅದಕ್ಕೊಂದು ಉತ್ತರ, ಆಮೇಲೆ ಮಧ್ಯರಾತ್ರಿ ತನಕ ವಾಟ್ಸಾಪಿನಲ್ಲಿ ಕುಸ್ತಿ. ಕೊನೆಗೆ ಇಬ್ಬರೂ ಗ್ರೂಪಿನಿಂದ ಎದ್ದು ಹೋದರು. ಹನ್ನೆರಡು ವರ್ಷದ ಸ್ನೇಹ ಮಾರಾಯ್ರೆ, ಒಂದೇ ಹಾಸ್ಟೆಲ್ ರೂಮಿನಲ್ಲಿ ಮಲಗೆದ್ದವರು!

ಅವರ ಹೆಸರು ಬೇಡ. ಓಡಿಸೋ ಗಾಡಿಯ ಹೆಸರಲ್ಲೇ ಕರೀತೀನಿ: ಒಬ್ಬ ಬುಲೆಟ್, ಇನ್ನೊಬ್ಬ ಪಲ್ಸರ್. ನವೆಂಬರಿನ ಒಂದು ಶನಿವಾರ ಇಬ್ಬರಿಗೂ ಬೇರೆ ಬೇರೆಯಾಗಿ ಫೋನ್ ಮಾಡಿ, ‘ಇನ್ನೊಬ್ಬ ಬರಲ್ಲ’ ಅಂತ ಸುಳ್ಳು ಹೇಳಿ, ತೀರ್ಥಹಳ್ಳಿಗೆ ಕರೆಸಿಕೊಂಡೆ. ಲಾಡ್ಜಿನ ಮುಂದೆ ಮುಖಾಮುಖಿಯಾದಾಗ ಇಬ್ಬರೂ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಪ್ಲ್ಯಾನ್ ಸರಳ. ಬೆಳಿಗ್ಗೆ ಆಗುಂಬೆ ಘಾಟಿ ಇಳಿಯೋದು, ಹೆಬ್ರಿ ಕಡೆಯಿಂದ ಅಮಾಸೆಬೈಲು ಮಾರ್ಗವಾಗಿ ಸಿದ್ದಾಪುರ, ಅಲ್ಲಿಂದ ಹೊಸಂಗಡಿ. ಆಮೇಲೆ ಹುಲಿಕಲ್ ಘಾಟಿ ಹತ್ತಿ ನಗರ. ರಾತ್ರಿಯೊಳಗೆ ವಾಪಸ್ ತೀರ್ಥಹಳ್ಳಿ. ಸುಮಾರು ನೂರೈವತ್ತು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ದಿನಾ ಸಾಯೋರಿಗೆ ಇದೊಂದು ಲೆಕ್ಕವೇ ಅಲ್ಲ ಅಂದ್ಕೋಬೇಡಿ. ಎರಡು ಘಾಟಿ ಇದೆ.

ಆಗುಂಬೆಯ ಹದಿನಾಲ್ಕು ತಿರುವುಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬರೆಯಲ್ಲ. ಮಂಜಿತ್ತು, ಕೈ ಮರಗಟ್ಟಿತ್ತು, ಸೋಮೇಶ್ವರ ದಾಟಿದ ಮೇಲೆ ಸಿಕ್ಕ ನೀರ್ ದೋಸೆ ಬಿಸಿ ಇತ್ತು. ಬುಲೆಟ್ ಒಂದು ಮೇಜಿನಲ್ಲಿ, ಪಲ್ಸರ್ ಇನ್ನೊಂದರಲ್ಲಿ. ಚಟ್ನಿ ಬಟ್ಟಲು ನನ್ನ ಕೈಯಿಂದಲೇ ಆಚೆ ಈಚೆ ಹೋಗಬೇಕಾಯ್ತು.

ನನಗೆ ನಿಜವಾಗಿ ಬೇಕಾಗಿದ್ದದ್ದು ಎರಡನೇ ಘಾಟಿ. ಹೊಸಂಗಡಿ ಈಗ ಹೆಚ್ಚಿನವರಿಗೆ ಗೊತ್ತಿರೋದು ವಾರಾಹಿ ವಿದ್ಯುತ್ ಯೋಜನೆಯಿಂದ. ಇಲ್ಲಿ ನೆಲದಡಿಯ ಪವರ್‌ಹೌಸಿನಲ್ಲಿ 460 ಮೆಗಾವಾಟ್ ಕರೆಂಟ್ ತಯಾರಾಗುತ್ತೆ. ಆದರೆ ಇನ್ನೂರೈವತ್ತು ವರ್ಷದ ಹಿಂದೆ ಈ ಊರಿಗಿದ್ದ ಮಹತ್ವವೇ ಬೇರೆ. ಕರಾವಳಿಯಿಂದ ಬಿದನೂರಿಗೆ ಹತ್ತುವ ಬಾಗಿಲು ಇದು. ಬಿದನೂರು ಅಂದರೆ ಇವತ್ತಿನ ನಗರ, ಹೊಸನಗರ ತಾಲ್ಲೂಕಿನ ಸಣ್ಣ ಊರು. ಒಂದು ಕಾಲಕ್ಕೆ ಕೆಳದಿ ಅರಸರ ರಾಜಧಾನಿ. ಬಿದಿರು ಕಡಿದು ಕಟ್ಟಿದ ಊರು ಅಂತ ಆ ಹೆಸರು, ಸಂಸ್ಕೃತದಲ್ಲಿ ವೇಣುಪುರ.

ಇಷ್ಟು ಮಳೆ ಬೀಳುವ ಕಾಡಿನಲ್ಲಿ ರಾಜಧಾನಿ ಯಾಕೆ ಕಟ್ಟಿದರು? ಕೆಳದಿಯವರು ಮೊದಲು ಕೆಳದಿಯಲ್ಲಿದ್ದರು, ಆಮೇಲೆ ಇಕ್ಕೇರಿಯಲ್ಲಿ. ಎರಡೂ ಸಾಗರದ ಹತ್ತಿರ, ಬಯಲಿನ ಕಡೆಯಿಂದ ಬರೋರಿಗೆ ಸುಲಭದ ತುತ್ತು. 1630ರ ದಶಕದ ಕೊನೆಗೆ ಬಿಜಾಪುರದ ಸೈನ್ಯ ಇಕ್ಕೇರಿಗೆ ನುಗ್ಗಿತು. ಅದಾದ ಮೇಲೆ ವೀರಭದ್ರ ನಾಯಕ ರಾಜಧಾನಿಯನ್ನು ಬಿದನೂರಿಗೆ ತಂದ. ಅವನ ನಂತರ ಬಂದ ಶಿವಪ್ಪ ನಾಯಕ ಅದನ್ನು ದೊಡ್ಡ ಪಟ್ಟಣ ಮಾಡಿದ. ಸುತ್ತಲಿನ ಬೆಟ್ಟ ಕಾಡುಗಳೇ ಹೊರಕೋಟೆ. ಕೆಳಗೆ ಬಸ್ರೂರು, ಗಂಗೊಳ್ಳಿ, ಹೊನ್ನಾವರದ ಬಂದರುಗಳು. 1650ರ ದಶಕದಲ್ಲಿ ಶಿವಪ್ಪ ನಾಯಕ ಅವುಗಳಿಂದ ಪೋರ್ಚುಗೀಸರನ್ನು ಓಡಿಸಿದ. ಮೇಲಿನ ಮೆಣಸು, ಕೆಳಗಿನ ಅಕ್ಕಿ, ನಡುವೆ ಘಾಟಿ. ಘಾಟಿ ಯಾರ ಕೈಯಲ್ಲಿದೆಯೋ ಸುಂಕ ಅವರದ್ದು.

ಅಂಥ ಊರಲ್ಲಿ ಹಣ ಸೇರದೆ ಇರುತ್ತಾ? ಆ ಹಣದ ವಾಸನೆ ಹಿಡಿದೇ 1763ರಲ್ಲಿ ಹೈದರ್ ಅಲಿ ಬಂದ. ಆಗ ಬಿದನೂರಿನಲ್ಲಿ ರಾಣಿ ವೀರಮ್ಮಾಜಿ, ದತ್ತುಮಗನ ಹೆಸರಿನಲ್ಲಿ ಆಳುತ್ತಿದ್ದಳು. ಸತ್ತುಹೋದ ಎಂದು ಎಲ್ಲರೂ ನಂಬಿದ್ದ ಹಿಂದಿನ ದೊರೆ ನಾನೇ ಎಂದು ಒಬ್ಬ ಹುಡುಗ ಎದ್ದು ನಿಂತ. ಹೈದರ್ ಅವನ ಪಕ್ಷ ವಹಿಸಿದವನಂತೆ ಹೊರಟ. ಕೋಟೆಯೊಳಕ್ಕೆ ಹೋಗುವ ಕಳ್ಳದಾರಿ ತೋರಿಸಿದ್ದು ಬಿದನೂರಿನದೇ ಒಬ್ಬ ಮಾಜಿ ಮಂತ್ರಿ. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಹೇಳೋ ಪ್ರಕಾರ, ರಾಣಿ ಅರಮನೆಗೆ ಬೆಂಕಿ ಹಚ್ಚಿಸಿ ಓಡಿದಳು. ಹೈದರ್ ಮೊದಲು ಬೆಂಕಿ ಆರಿಸಿ, ಆಮೇಲೆ ಬೊಕ್ಕಸಕ್ಕೆ ಮೊಹರು ಹಾಕಿಸಿದ. ಸಿಕ್ಕ ಸಂಪತ್ತಿಗೆ ವಿಲ್ಕ್ಸ್ ಕಟ್ಟಿದ ಬೆಲೆ ಒಂದು ಕೋಟಿ ಇಪ್ಪತ್ತು ಲಕ್ಷ ಪೌಂಡ್. ನನಗೆ ಈ ಅಂಕಿಯ ಮೇಲೆ ನಂಬಿಕೆ ಕಡಿಮೆ. ಗೆದ್ದವರ ಲೂಟಿ ಕಥೆ ಹೇಳ್ತಾ ಹೇಳ್ತಾ ಊದಿಕೊಳ್ಳುತ್ತೆ. ಆದರೆ ತನ್ನ ದೊಡ್ಡಸ್ತಿಕೆಯ ಬುನಾದಿ ಬಿದನೂರು ಅಂತ ಹೈದರನೇ ಹೇಳಿಕೊಳ್ಳುತ್ತಿದ್ದ ಅನ್ನೋದನ್ನು ನಂಬಬಹುದು. ಊರಿಗೆ ಹೈದರ್ ನಗರ ಅಂತ ಹೆಸರಿಟ್ಟ. ಜನ ‘ಹೈದರ್’ ಬಿಟ್ಟು ‘ನಗರ’ ಇಟ್ಟುಕೊಂಡರು.

ಇದನ್ನೆಲ್ಲ ನಾನು ಹೊಸಂಗಡಿಯ ಚಹಾದಂಗಡಿಯಲ್ಲಿ ಹೇಳುತ್ತಿದ್ದೆ. ‘ನೋಡಿದ್ಯಾ, ಲೂಟಿಕೋರ’ ಅಂತ ಬುಲೆಟ್ ಗೋಡೆಗೆ ಹೇಳಿದ. ‘ಇಂಗ್ಲಿಷಿನವನು ಬರೆದದ್ದು ತಾನೇ’ ಅಂತ ಪಲ್ಸರ್ ಚಹಾ ಲೋಟಕ್ಕೆ ಹೇಳಿದ. ನಾನು ದುಡ್ಡು ಕೊಟ್ಟು ಗಾಡಿ ಸ್ಟಾರ್ಟ್ ಮಾಡಿದೆ.

ಹುಲಿಕಲ್ ಘಾಟಿಯನ್ನು ಬಾಳೆಬರೆ ಅಂತಲೂ ಕರೀತಾರೆ. ರಸ್ತೆ ಕಡಿದು, ತಿರುವು ಹಠಾತ್ತು, ಎರಡೂ ಕಡೆ ಬಿಸಿಲೇ ಬೀಳದ ಕಾಡು. ನವೆಂಬರಿನಲ್ಲೂ ಬಂಡೆಗಳಿಂದ ನೀರು ಇಳಿದು ರಸ್ತೆಗೆ ಹರಿಯುತ್ತಿತ್ತು, ಅಂಚಿನಲ್ಲಿ ಪಾಚಿ. ಮೇಲಿಂದ ಲಾರಿ ಬಂದರೆ ಒತ್ತಿ ನಿಲ್ಲಲು ಜಾಗ ಹುಡುಕಬೇಕು. ಫಸ್ಟ್ ಗೇರಿನಲ್ಲಿ ಹತ್ತುವಾಗ ನನಗೆ ಕಾಡಿದ್ದು ಒಂದೇ ಯೋಚನೆ: ಇಲ್ಲಿ ಫಿರಂಗಿ ಎಳೆದುಕೊಂಡು ಹೇಗೆ ಹತ್ತಿದರು?

ಹತ್ತಿದ್ದು ಜನರಲ್ ರಿಚರ್ಡ್ ಮ್ಯಾಥ್ಯೂಸ್. 1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ. ಮಗ ಟಿಪ್ಪು ದೂರದಲ್ಲಿದ್ದ. ಇದೇ ಸಮಯ ಅಂತ ಬೊಂಬಾಯಿಯ ಕಂಪನಿ ಸರ್ಕಾರ ಮ್ಯಾಥ್ಯೂಸನನ್ನು ಕರಾವಳಿಗೆ ಅಟ್ಟಿತು. 1783ರ ಜನವರಿಯಲ್ಲಿ ಹೊನ್ನಾವರ ಬಿತ್ತು, ಕುಂದಾಪುರ ಬಿತ್ತು. ಆಮೇಲೆ ಈ ಘಾಟಿ. ಹಾದಿಯುದ್ದಕ್ಕೂ ಹೈದರನ ತೋಪುಗಳು, ಮೇಲೆ ಹೈದರ್‌ಗಢ ಎಂಬ ಕೋಟೆ. ಸ್ಕಾಟ್ಲೆಂಡಿನ ಹೈಲ್ಯಾಂಡರ್ ಸಿಪಾಯಿಗಳು ಬಂದೂಕಿನ ತುದಿಯ ಕತ್ತಿ ಹಿಡಿದು ಒಂದೊಂದೇ ತಡೆಗೋಡೆ ಏರಿದರು.

ಮೇಲೆ ಬಿದನೂರಿನಲ್ಲಿ ಮಾತ್ರ ಯುದ್ಧವೇ ಆಗಲಿಲ್ಲ. ಕೋಟೆಯ ಅಧಿಕಾರಿ ಅಯಾಜ್ ಬಾಗಿಲು ತೆಗೆದುಬಿಟ್ಟ. ಇವನು ಮಲಬಾರಿನಿಂದ ಸೆರೆಹಿಡಿದು ತಂದ ಹುಡುಗ. ಹೈದರ್ ಸಾಕಿ ದೊಡ್ಡವನನ್ನಾಗಿ ಮಾಡಿದ್ದ, ಮಗನಿಗಿಂತ ಹೆಚ್ಚು ಹೊಗಳುತ್ತಿದ್ದ. ಟಿಪ್ಪುವಿಗೆ ಅವನನ್ನು ಕಂಡರೆ ಆಗದೇ ಇದ್ದದ್ದು ಅದಕ್ಕೇ. ವಿಲ್ಕ್ಸ್ ಒಂದು ಭಯಂಕರ ಪ್ರಸಂಗ ಬರೆದಿದ್ದಾನೆ. ಅಯಾಜನಿಗೆ ಓದು ಬರಹ ಬರುತ್ತಿರಲಿಲ್ಲ. ಬಂದ ಕಾಗದಗಳನ್ನೆಲ್ಲ ಬೇರೆಯವರಿಂದ ಓದಿಸುತ್ತಿದ್ದ. ಒಂದು ದಿನ ಕೋಟೆಯ ಇನ್ನೊಬ್ಬ ಅಧಿಕಾರಿಗೆ ಟಿಪ್ಪುವಿನಿಂದ ಬಂದ ಕಾಗದ ಇವನ ಕೈಗೆ ಸಿಕ್ಕಿತು. ಬ್ರಾಹ್ಮಣನೊಬ್ಬ ಓದಿದ: ‘ಅಯಾಜನನ್ನು ಕೊಂದು ನೀನು ಅಧಿಕಾರ ವಹಿಸಿಕೋ’ ಎಂಬ ಹುಕುಂ. ಸುದ್ದಿ ಹೊರಗೆ ಹೋಗಬಾರದು ಅಂತ ಅಯಾಜ್ ಮೊದಲು ಕೊಂದದ್ದು ಓದಿ ಹೇಳಿದವನನ್ನೇ. ಆಮೇಲೆ ನೇರ ಹೋಗಿ ಇಂಗ್ಲಿಷರಿಗೆ ಕೋಟೆ ಒಪ್ಪಿಸುವ ಏರ್ಪಾಟು ಮಾಡಿದ.

ಘಾಟಿಯ ಮೇಲೆ ಗಾಡಿ ನಿಲ್ಲಿಸಿ ಇದನ್ನು ಹೇಳಿದಾಗ ಇಬ್ಬರೂ ಸುಮ್ಮನಿದ್ದರು. ಸ್ವಲ್ಪ ಹೊತ್ತಿನ ಮೇಲೆ ಪಲ್ಸರ್, ‘ಓದಿದವನ ತಪ್ಪೇನೋ ಇದರಲ್ಲಿ?’ ಅಂದ. ಯಾರನ್ನು ಕೇಳಿದನೋ, ಉತ್ತರ ಕೊಟ್ಟದ್ದು ಬುಲೆಟ್. ‘ಮಧ್ಯದಲ್ಲಿ ಸಿಕ್ಕಿಕೊಂಡೋರ ಕಥೆ ಯಾವಾಗಲೂ ಅಷ್ಟೇ.’ ಆರು ತಿಂಗಳಲ್ಲಿ ಮೊದಲ ಮಾತು. ನಾನು ಹೆಲ್ಮೆಟ್ ಸರಿ ಮಾಡಿಕೊಳ್ಳೋ ನಾಟಕ ಆಡಿದೆ.

ಮ್ಯಾಥ್ಯೂಸನ ಗೆಲುವು ಬಾಳಿದ್ದು ಸುಮಾರು ಮೂರು ತಿಂಗಳಷ್ಟೇ. ಬಿದನೂರಿನ ಬೊಕ್ಕಸ ಕಂಡದ್ದೇ ಇಂಗ್ಲಿಷರು ತಮ್ಮತಮ್ಮಲ್ಲೇ ಕಚ್ಚಾಡಿದರು. ಹಿರಿಯ ಅಧಿಕಾರಿಗಳು ಬೊಂಬಾಯಿಗೆ ಹೋಗಿ ಜನರಲ್ ಮೇಲೆ ದೂರು ಕೊಟ್ಟರು. ಅಷ್ಟರಲ್ಲಿ ಟಿಪ್ಪು ದೊಡ್ಡ ಸೈನ್ಯದೊಂದಿಗೆ ಬಂದು, ಘಾಟಿ ಹಿಡಿದು ಕರಾವಳಿಯ ದಾರಿ ಕಟ್ಟಿ, ಕೋಟೆ ಸುತ್ತುವರಿದ. ಏಪ್ರಿಲ್ ಕೊನೆಗೆ ಶರಣಾಗತಿ. ಸರ್ಕಾರಿ ಹಣ ಬಿಟ್ಟು, ಸ್ವಂತ ಸಾಮಾನಿನ ಜೊತೆ ಹೊರಡಬಹುದು ಅಂತ ಕರಾರು. ಬೊಕ್ಕಸ ನೋಡಿದರೆ ಖಾಲಿ! ಹಣವನ್ನು ಮೊದಲೇ ಹಂಚಿಕೊಂಡಿದ್ದರು. ಕರಾರು ಮುರಿದಿರಿ ಅಂತ ಟಿಪ್ಪು ಎಲ್ಲರಿಗೂ ಸಂಕೋಲೆ ಹಾಕಿಸಿದ. ಮ್ಯಾಥ್ಯೂಸ್ ಶ್ರೀರಂಗಪಟ್ಟಣದ ಸೆರೆಯಲ್ಲೇ ಸತ್ತ. ವಿಷ ಹಾಕಿದರು ಅಂತ ಇಂಗ್ಲಿಷರು ಬರೆದರು.

ತಾರೀಖುಗಳನ್ನು ಒಮ್ಮೆ ನೋಡಿ. ಹೈದರ್ ಬಂದದ್ದು ವರ್ಷದ ಮೊದಲ ತಿಂಗಳುಗಳಲ್ಲಿ. ಮ್ಯಾಥ್ಯೂಸ್ ಜನವರಿ. ಟಿಪ್ಪು ಏಪ್ರಿಲ್. ಜೂನಿನಿಂದ ಆಚೆ ಈ ಕಾಡಿಗೆ ಕಾಲಿಡುವ ಧೈರ್ಯ ಯಾರಿಗೂ ಇರಲಿಲ್ಲ. ಕೆಳದಿಯವರು ಕಟ್ಟಿಕೊಂಡ ಕೋಟೆಗಳಲ್ಲಿ ಮಳೆಯೂ ಒಂದು. ಅದು ವರ್ಷದಲ್ಲಿ ಅರ್ಧ ಮಾತ್ರ ಕೆಲಸ ಮಾಡುತ್ತಿತ್ತು ಅನ್ನೋದೇ ತೊಂದರೆ.

ನಗರ ತಲುಪಿದಾಗ ಮೂರು ಗಂಟೆ. ಕೋಟೆ ರಸ್ತೆಯ ಪಕ್ಕದಲ್ಲೇ ಇದೆ. ಕಂದಕ, ದಪ್ಪ ಗೋಡೆ, ಮೇಲೆ ಹತ್ತಿದರೆ ದರ್ಬಾರ್ ಹಾಲಿನ ತಳಪಾಯ, ಅಕ್ಕ ತಂಗಿ ಕೊಳ. ಹುಲ್ಲು ಸೊಂಟದವರೆಗೆ. ತಳಪಾಯದ ಮೇಲೆ ಕೂತು ಬುಲೆಟ್ ಮತ್ತೆ ಶುರು ಮಾಡಿದ: ಎಷ್ಟೇ ಹೇಳು, ಇಲ್ಲಿದ್ದ ಒಂದು ರಾಜ್ಯವನ್ನು ಅವರು ನಾಶ ಮಾಡಿದರು. ಪಲ್ಸರ್ ಬಾಯಿ ತೆಗೆಯೋ ಮುಂಚೆ ನಾನು ಫೋನಿನಲ್ಲಿ ಒಂದು ಫೋಟೋ ತೋರಿಸಿದೆ. ಹೈದರ್ ಅಲಿಯ ಚಿನ್ನದ ವರಹ. ಒಂದು ಮುಖದಲ್ಲಿ ಶಿವ ಪಾರ್ವತಿ, ಇಕ್ಕೇರಿ ವರಹದಲ್ಲಿ ಇದ್ದ ಹಾಗೇ. ಇನ್ನೊಂದು ಮುಖದಲ್ಲಿ ಅವನ ಹೆಸರಿನ ಮೊದಲ ಅಕ್ಷರ, ಪಾರ್ಸಿ ಲಿಪಿಯಲ್ಲಿ. ಬಿದನೂರು ಗೆದ್ದ ಮೇಲೆ ಅಚ್ಚು ಹಾಕಿಸಿದ್ದು.

‘ನೋಡು’ ಅಂದ ಪಲ್ಸರ್, ಗೆದ್ದವನಂತೆ.

‘ಏನು ನೋಡೋದು? ವ್ಯಾಪಾರ ಕಣೋ. ಇಕ್ಕೇರಿ ವರಹ ಎಲ್ಲ ಸಂತೆಯಲ್ಲೂ ನಡೀತಿತ್ತು, ಚಿತ್ರ ಬದಲಾಯಿಸಿದ್ರೆ ಯಾರು ತಗೋತಿದ್ರು?’ ಅಂದ ಬುಲೆಟ್. ಅವನು ಬ್ಯಾಂಕಿನವನು. ಮಾತಿನಲ್ಲಿ ಹುರುಳಿತ್ತು. ಟಿಪ್ಪು ಕಾಲಕ್ಕೆ ಶಿವ ಪಾರ್ವತಿ ಹೋದರು, ಅಪ್ಪನ ಮೊದಲಕ್ಷರ ಮಾತ್ರ ಉಳಿಯಿತು ಅಂತ ನಾನು ಸೇರಿಸಿದೆ. ಈಗ ಇಬ್ಬರಿಗೂ ನನ್ನ ಮೇಲೆ ಸಿಟ್ಟು. ಅರ್ಧ ಗಂಟೆ ಜಗಳವಾಯ್ತು, ಜೋರಾಗೇ. ಆದರೆ ಈ ಸಲ ಎದುರೆದುರು ಕೂತು. ಒಂದೇ ಬಾಟಲಿಯ ನೀರು ಕುಡಿಯುತ್ತಾ.

ಹತ್ತಿರದ ದೇವಗಂಗೆಯ ಕೊಳಗಳಲ್ಲಿ ಕಾಲು ಇಳಿಬಿಟ್ಟು ಕೂತಾಗ ಪಲ್ಸರ್ ಕೇಳಿದ, ‘ಆ ರಾಣಿ ಏನಾದಳು?’ ಇಡೀ ದಿನ ನಮ್ಮ ಜಗಳ ಹೈದರ್, ಟಿಪ್ಪು ಸುತ್ತಲೇ ಇತ್ತು. ಊರು ಕಳೆದುಕೊಂಡವಳನ್ನು ಕೇಳಿರಲೇ ಇಲ್ಲ. ಹೇಳಿದೆ. ಹೈದರ್ ಅವಳನ್ನು ಹಿಡಿದು ಮಧುಗಿರಿ ಕೋಟೆಯಲ್ಲಿಟ್ಟ. 1767ರಲ್ಲಿ ಪೇಶ್ವೆ ಮಾಧವರಾಯ ಮಧುಗಿರಿ ಗೆದ್ದು ಬಿಡಿಸಿದ. ಪುಣೆಗೆ ಹೋಗುವ ದಾರಿಯಲ್ಲೇ ಅವಳು ತೀರಿಕೊಂಡಳು. ಬಿದನೂರಿಗೆ ಮತ್ತೆ ಬರಲಿಲ್ಲ.

ತೀರ್ಥಹಳ್ಳಿ ಸೇರುವಾಗ ಎಂಟೂವರೆ. ಕತ್ತಲಲ್ಲಿ ಪಲ್ಸರ್ ಮುಂದೆ, ಬುಲೆಟ್ ಅವನ ಹಿಂದಿನ ಕೆಂಪು ದೀಪ ಹಿಡಿದು, ನಾನು ಕೊನೆಗೆ. ಮಾರನೇ ದಿನ ಬೆಳಿಗ್ಗೆ ಗ್ರೂಪಿಗೆ ಇಬ್ಬರನ್ನೂ ಮತ್ತೆ ಸೇರಿಸಿದೆ. ಹತ್ತು ನಿಮಿಷಕ್ಕೆ ಬುಲೆಟ್ ಮೆಸೇಜು ಬಂತು: ‘ಮಧುಗಿರಿ, ಬೆಂಗಳೂರಿಂದ ನೂರು ಕಿಲೋಮೀಟರ್. ಯಾವ ಶನಿವಾರ?’

ಪಲ್ಸರ್ ಉತ್ತರ: ‘ಈ ಸಲ ಕಥೆ ನಾನು ಹೇಳೋದು. ಓದ್ಕೊಂಡು ಬರ್ತೀನಿ.’